ಆಗಲಿ ಅಕ್ಕನ ಪ್ರಶ್ನೆ

ಪ್ರಶ್ನೆ ಕೇಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೇಳಿದ ಮೇಲೆ ಸುಮ್ಮನಿರಬಲ್ಲವರು ಅಪರೂಪ. ಆಗಲಿ ಅಕ್ಕ ಆ ಅಪರೂಪದವರಲ್ಲಿ ಒಬ್ಬರು. ಬಾನುಲಿಯಲ್ಲಿ ಮೌನವೆಂದರೆ ಮಹಾಪರಾಧ. ಕ್ಷಣಕಾಲ ದನಿ ನಿಂತರೂ ಕೇಳುಗ ಬೇರೆ ಕೇಂದ್ರಕ್ಕೆ ಜಿಗಿದುಬಿಡುತ್ತಾನೆಂಬುದು ಆ ಕಸುಬಿನ ಮೊದಲ ಪಾಠ. ಅಕ್ಕ ಆ ಪಾಠವನ್ನು ಕಲಿಯಲೇ ಇಲ್ಲ. ಸಂದರ್ಶನಕ್ಕೆಂದು ಎದುರಿಗೆ ಕೂತ ಚುನಾವಣೆಯ ಅಭ್ಯರ್ಥಿ ತನ್ನ ನುಣುಪಾದ ಉತ್ತರವನ್ನು ಮುಗಿಸಿ, ಮುಂದಿನ ಪ್ರಶ್ನೆಗಾಗಿ ಮುಗುಳ್ನಗುತ್ತ ಕಾದರೆ, ಇವರು ಮೊಣಕೈಗಳನ್ನು ಮೇಜಿನ ಮೇಲೂರಿ, ತಲೆಯನ್ನು ಕೊಂಚ ಓರೆಮಾಡಿ, ಇನ್ನೂ ಏನೋ ಬಾಕಿಯಿದೆ ಎಂಬಂತೆ ಅವನ ಮುಖವನ್ನೇ ನೋಡುತ್ತಿದ್ದರು. ಗಾಜಿನ ಆಚೆ ಕೇಂದ್ರದ ಮುಖ್ಯಸ್ಥರು ಕೈಕೈ ಹಿಸುಕಿಕೊಳ್ಳುತ್ತಿದ್ದರು. ಆ ಮೌನವನ್ನು ತಾಳಲಾರದೆ ಅಭ್ಯರ್ಥಿ ಮತ್ತೆ ಬಾಯಿ ತೆರೆದಾಗ, ಬಹುಮಟ್ಟಿಗೆ, ನಿಜ ಹೊರಬೀಳುತ್ತಿತ್ತು.

ನಡೆಯುವಾಗಲೂ ಅವರ ತಲೆ ಹಾಗೇ ಓರೆ. ಗೋಡೆಯ ಆಚೆ ಯಾರೋ ಮಾತಾಡುತ್ತಿದ್ದಾರೆ, ಅದನ್ನು ಕೇಳಿಸಿಕೊಳ್ಳುತ್ತಲೇ ಹಾದುಹೋಗುತ್ತಿದ್ದಾರೆ ಎನ್ನುವಂಥ ನಡಿಗೆ. ಸ್ಟುಡಿಯೋದ ಚಳಿಗೆಂದು ಹೊಲಿಸಿಕೊಂಡ ಕಂದು ಕೋಟು ಮೊಣಕೈಯ ಬಳಿ ಸವೆದು, ತೇಪೆ ಹಾಕಿಸಿಕೊಂಡು, ಆ ತೇಪೆಯೂ ಸವೆದಿತ್ತು. ಅಭ್ಯರ್ಥಿಗಳು ತರಿಸಿದ ಕಾಫಿಯನ್ನು ಮುಟ್ಟುತ್ತಿರಲಿಲ್ಲ. ಮನೆಯಿಂದ ತಂದ ಬಿಸಿನೀರಿನ ಬಾಟಲಿಯೇ ಗತಿ. ಬಾಯಿ ತೆರೆದರೆ ಮೊದಲ ಮಾತು ‘ಆಗಲಿ’. ಒಪ್ಪಿದರೂ ಆಗಲಿ, ಒಪ್ಪದಿದ್ದರೂ ಆಗಲಿ; ಕೇಳುಗರು ಆ ಮಾತನ್ನೇ ಅವರ ಹೆಸರಾಗಿಸಿಬಿಟ್ಟಿದ್ದರು.

ರಾಜ್ಯದ ಚುನಾವಣೆ ಬಂದಾಗಲೆಲ್ಲ ಉಳಿದವರು ರಸ್ತೆ, ನೀರು, ಉದ್ಯೋಗಗಳ ಬಗ್ಗೆ ಕೇಳುತ್ತಿದ್ದರೆ, ಅಕ್ಕ ಕೇಳುತ್ತಿದ್ದುದು ಮತದ ಬಗ್ಗೆಯೇ. ಯಾರಿಗೆ ಮತವುಂಟು, ಯಾರಿಗಿಲ್ಲ? ಎಣಿಸುವಾಗ ನೋಡುವವರು ಯಾರು? ಸೋತರೆ ಸೋತೆನೆಂದು ಒಪ್ಪುತ್ತೀರಾ?

“ಮೇಡಂ, ಇದನ್ನೆಲ್ಲ ಯಾರು ಕೇಳ್ತಾರೆ? ಜನಕ್ಕೆ ನಿದ್ದೆ ಬರುತ್ತೆ” ಎಂದು ಮುಖ್ಯಸ್ಥರು ಗೋಳಾಡುತ್ತಿದ್ದರು.

“ಆಗಲಿ, ನಿದ್ದೆ ಮಾಡ್ಲಿ. ಎದ್ದಾಗ ಓಟು ಇರಬೇಕಲ್ಲ?”

ಆ ವರ್ಷ ವಿವಾದದಲ್ಲಿದ್ದುದು ಒಂದು ಕಾನೂನು. ಮನೆ ಬದಲಾಯಿಸಿದವರ ಹೆಸರನ್ನು, ಅವರಿಗೆ ತಿಳಿಸದೆಯೇ, ಮತದಾರರ ಪಟ್ಟಿಯಿಂದ ತೆಗೆದುಹಾಕಲು ಅದು ಅವಕಾಶ ಕೊಟ್ಟಿತ್ತು. ಸ್ವಂತ ಮನೆಯಿದ್ದವರಿಗೆ ಅದರ ಬಿಸಿ ತಟ್ಟಿರಲಿಲ್ಲ. ತಟ್ಟಿದ್ದು ಬಟ್ಟೆ ಕಾರ್ಖಾನೆಯ ಹೆಂಗಸರಿಗೆ. ಬಾಡಿಗೆ ಏರಿದಾಗಲೆಲ್ಲ ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ ಗಂಟುಮೂಟೆ ಹೊರುವವರು. ಅವರಲ್ಲೊಬ್ಬಳು ಬಾನುಲಿ ಕೇಂದ್ರದ ಮೆಟ್ಟಿಲ ಬಳಿ ಅಕ್ಕನನ್ನು ತಡೆದು ನಿಲ್ಲಿಸಿದ್ದಳು. “ರೂಮು ಬಿಟ್ಟಿದ್ದೀವಿ, ಊರು ಬಿಟ್ಟಿಲ್ಲವಲ್ಲಕ್ಕಾ! ಹೋದ್ಸಲ ಸಾಲಲ್ಲಿ ನಿಲ್ಲಿಸಿ ವಾಪಸ್ ಕಳಿಸಿದ್ರು. ಪಟ್ಟಿ ಪ್ರಕಾರ ನೀನು ಸತ್ತಿದ್ದೀಯ ಅಂತ ಪಕ್ಕದವಳು ನಕ್ಕಳು.”

ಆ ಕಾನೂನನ್ನು ರದ್ದುಮಾಡುವ ಮಸೂದೆಗೆ ಗೆದ್ದವನು ಕೈ ಎತ್ತುವನೇ ಎಂಬುದು ಅಕ್ಕನ ಪ್ರಶ್ನೆ. ತೊಡಕಿದ್ದುದು ಬೇರೆ ಕಡೆ. ಕಣದಲ್ಲಿದ್ದ ಇಬ್ಬರು ಪ್ರಮುಖರಲ್ಲಿ ಒಬ್ಬ ಕಟ್ಟಡಗಳ ಗುತ್ತಿಗೆದಾರ. ಇನ್ನೊಬ್ಬ ಅಕ್ಕನ ಒಡಹುಟ್ಟಿದ ತಮ್ಮ. ವಕೀಲ. ಅದೇ ಹೆಂಗಸರ ಪರವಾಗಿ ಹಿಂದೊಮ್ಮೆ ಪುಕ್ಕಟೆಯಾಗಿ ವಾದಿಸಿ, ಒಂದು ಚುನಾವಣೆಯ ಮಟ್ಟಿಗಾದರೂ ಅವರ ಮತವನ್ನು ಉಳಿಸಿಕೊಟ್ಟವನು.

“ಬೇರೆ ಯಾರಾದ್ರೂ ಕೂರಲಿ” ಎಂದರು ಅಕ್ಕ. ಬೇರೆ ಯಾರೂ ಇರಲಿಲ್ಲ. ಗುತ್ತಿಗೆದಾರನೇ ದೊಡ್ಡಮನಸ್ಸು ಮಾಡಿ, “ಅಕ್ಕ-ತಮ್ಮನ ಮಾತು ನಾವೂ ಕೇಳೋಣ ಬಿಡ್ರೀ” ಎಂದು ನಕ್ಕ. ಸಂಬಂಧವನ್ನು ಕೇಳುಗರಿಗೆ ಮೊದಲೇ ತಿಳಿಸಿ ಅಕ್ಕ ಕುರ್ಚಿಗೆ ಕೂತರು.

ಗುತ್ತಿಗೆದಾರ ಮೊದಲು ಬಂದ. “ಕೈ ಎತ್ತುತ್ತೀರಾ?” ಎಂದರೆ, “ಒಂದಲ್ಲ, ಎರಡೂ ಎತ್ತುತ್ತೀನಿ. ಮತ ಅಂದ್ರೆ ತಾಯಿ ಇದ್ದ ಹಾಗೆ” ಎಂದ. ಅಕ್ಕ ಸುಮ್ಮನಾದರು. ಅವನಿಗೆ ಆ ಮೌನ ಖಾಲಿ ಸೈಟಿನಂತೆ ಕಂಡಿರಬೇಕು. ತನ್ನ ಬಾಲ್ಯ, ತನ್ನ ಕಷ್ಟ, ತನ್ನ ಔದಾರ್ಯಗಳನ್ನು ಅಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಎಬ್ಬಿಸಿ, ಕೈಮುಗಿದು ಹೋದ.

ಮರುದಿನ ತಮ್ಮ. ಹುಟ್ಟಿದಾಗಿನಿಂದ ‘ಏನೋ’ ಎಂದೇ ಕರೆದವನನ್ನು ಅಕ್ಕ ಅಂದು ಮೊದಲ ಬಾರಿಗೆ ‘ನೀವು’ ಎಂದರು.

“ನೀವು ಕೈ ಎತ್ತುತ್ತೀರಾ?”

“ಇದು ಸೂಕ್ಷ್ಮವಾದ ವಿಚಾರ. ಎಲ್ಲರ ಆತಂಕಗಳನ್ನೂ ಗಮನದಲ್ಲಿಟ್ಟುಕೊಂಡು, ಒಂದು ಸಮತೋಲನದ ಸುಧಾರಣೆ…”

ಪಕ್ಷದವರು ಬಾಯಿಪಾಠ ಮಾಡಿಸಿದ ಮಾತೆಂದು ಗಾಜಿನ ಆಚೆ ನಿಂತವರಿಗೂ ತಿಳಿಯುತ್ತಿತ್ತು. ಅಕ್ಕ ಮೊಣಕೈಯೂರಿದರು. ಈ ನೋಟ ತಮ್ಮನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿದಾಗ, ಪಕ್ಕದ ಮನೆಯ ಕಿಟಕಿ ಒಡೆದಾಗ, ಹೊಡೆಯದೆ ಬೈಯದೆ ಹೀಗೆಯೇ ನೋಡಿ ಬಾಯಿ ಬಿಡಿಸುತ್ತಿದ್ದವರು. ಅವನೂ ಹಟ ಹಿಡಿದವನಂತೆ ತುಟಿ ಬಿಗಿದ. ಇಬ್ಬರ ಉಸಿರನ್ನಷ್ಟೇ ಊರೆಲ್ಲ ಕೇಳಿಸಿಕೊಂಡಿತು. ಇನ್ನೊಂದು ಪ್ರಶ್ನೆ ಕೇಳಿ ಅವನನ್ನು ಬಿಡಿಸಿಬಿಡಬಹುದಿತ್ತು; ನಾಲಗೆಯ ತುದಿಗೆ ಬಂದುದನ್ನು ಅಕ್ಕ ನುಂಗಿಕೊಂಡರು.

“ಇಲ್ಲ” ಎಂದ ತಮ್ಮ ಕೊನೆಗೆ. “ಈ ಸಲ ಆಗಲ್ಲ. ಕಾನೂನು ತಪ್ಪೇ. ಆದ್ರೆ ನನ್ನ ಪಕ್ಷ ಒಪ್ಪಲ್ಲ, ನನಗೆ ಅವರನ್ನ ಎದುರು ಹಾಕ್ಕೊಳ್ಳೋ ಶಕ್ತಿ ಇಲ್ಲ.”

ಆ ಮಾತು ಎರಡು ಕಡೆಯೂ ಕೊಯ್ದಿತು. ಕಾನೂನು ಬೇಕೆಂದವರಿಗೆ ಅವನು ‘ತಪ್ಪೇ’ ಎಂದದ್ದು ಕೇಳಿಸಿತು, ಬೇಡವೆಂದವರಿಗೆ ‘ಇಲ್ಲ’ ಎಂದದ್ದು. ಪಟ್ಟಿಯಲ್ಲಿ ಹೆಸರು ಉಳಿದಿದ್ದ ಹಾಸ್ಟೆಲ್ಲಿನ ಹೆಂಗಸರು ಗುತ್ತಿಗೆದಾರನಿಗೆ ಮತ ಹಾಕಿದರು. ಅವನು ಗೆದ್ದ. ಮಸೂದೆ ಸದನಕ್ಕೆ ಬಂದ ದಿನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದ, ಮಸೂದೆ ಬಿದ್ದುಹೋಯಿತು.

ಅಕ್ಕ ತಮ್ಮನ ಮನೆಗೆ ಹೋದಾಗ ಬಾಗಿಲು ತೆರೆದವಳು ಅವನ ಹೆಂಡತಿ. “ಆ ಗುತ್ತಿಗೆದಾರನ ಎದುರು ಸುಮ್ಮನಿದ್ದು ಗೆಲ್ಲಿಸಿದ್ರಿ ಅತ್ತಿಗೆ, ನಿಮ್ಮ ತಮ್ಮನ ಎದುರು ಸುಮ್ಮನಿದ್ದೇ ಕೊಂದ್ರಿ” ಎಂದವಳೇ ಒಳಗೆ ನಡೆದಳು. ತಮ್ಮ ಕುರ್ಚಿ ಎಳೆದುಕೊಟ್ಟ.

“ನಾನೂ ಹೌದು ಅನ್ನಬಹುದಿತ್ತಲ್ಲಕ್ಕಾ. ಅವನು ಅಂದ ಹಾಗೇ. ನಿನ್ನ ಮುಖ ನೋಡ್ತಾ ಬಾಯಿ ಬರಲಿಲ್ಲ.”

“ಊಟ ಮಾಡಿದ್ಯೇನೋ?” ಎಂದರು ಅಕ್ಕ.

“ಆಯ್ತು. ಆ ಹೆಂಗಸರು ಬಂದಿದ್ರು ಬೆಳಗ್ಗೆ. ಬೈದು, ಆಮೇಲೆ ಮತ್ತೆ ಕೇಸು ಹಾಕ್ತೀಯಾ ಅಂತ ಕೇಳಿದ್ರು.” ಅವನು ದಣಿದವನಂತೆ ಕಣ್ಣುಜ್ಜಿಕೊಂಡ. “ಹಾಕ್ಬೇಕು. ಇನ್ನೇನು ಮಾಡೋದು.”

ಅಕ್ಕನ ಮೇಲೆ ಆಮೇಲೆ ಮುಪ್ಪು ಬೇಗ ಬೇಗ ಕವಿಯಿತು. ಗುತ್ತಿಗೆದಾರ, ಈಗ ಶಾಸಕ, ಮತ್ತೆ ಸ್ಟುಡಿಯೋಗೆ ಬಂದ; ಮುಂದಿನ ಅಧಿವೇಶನದಲ್ಲಿ ಖಂಡಿತ ಎಂದ; ಕಾಫಿ ಕುಡಿದು ಹೋದ. “ಇನ್ನು ಈ ಕಾರ್ಯಕ್ರಮ ಬಿಡೋಣವಾ ಮೇಡಂ?” ಎಂದು ಮುಖ್ಯಸ್ಥರು, ಈ ಸಲ ನಿಜವಾದ ಕನಿಕರದಿಂದ, ಕೇಳಿದರು.

“ಕೇಳದೇ ಹೋದ್ರೆ ಅವನಿಗೆ ಸುಳ್ಳು ಹೇಳೋ ಶ್ರಮನೂ ಇರಲ್ಲ” ಎಂದರು ಅಕ್ಕ.

ಇಂಥವರು ಎಲ್ಲ ಕಾಲದಲ್ಲೂ ಒಬ್ಬಿಬ್ಬರು ಇರುತ್ತಾರೆ. ರಾಜ್ಯವನ್ನು ಇವರು ತಿದ್ದಿದರೆಂದು ಯಾರೂ ಹೇಳುವಂತಿಲ್ಲ. ಲಜ್ಜೆ ಅಳಿಯದೆ ಉಳಿದಿರುವವರಿಗಷ್ಟೇ ಇವರ ಮಾತು ನಾಟುತ್ತದೆ. ಆದಕಾರಣ ಇವರಿಂದ ಗಾಯಗೊಳ್ಳುವವರು ಬಹುಪಾಲು ಇವರಿಗೆ ಬೇಕಾದವರೇ. ಅದನ್ನು ಬಲ್ಲವರಾಗಿಯೂ ಇವರು ಮುಂದಿನ ಚುನಾವಣೆಗೆ ಮತ್ತೆ ಹೋಗಿ ಕೂರುತ್ತಾರೆ. ಭರವಸೆ ಎಂದೋ ಸವೆದುಹೋಗಿರುತ್ತದೆ. ಕೇಳಬೇಕಾದ ಮಾತನ್ನು ಕೇಳದೆ ಎದ್ದುಹೋಗಲು ಮಾತ್ರ ಇವರಿಗೆ ಬರುವುದಿಲ್ಲ.