ಎಲೆಯ ಪೊರೆ

೧೯೯೮ರ ದಸರಾ ರಜೆ ಮುಗಿಸಿ ಧಾರವಾಡದ ನಮ್ಮ ಪ್ರಯೋಗಾಲಯಕ್ಕೆ ಬಂದರೆ, ನನ್ನ ಪಳೆಯುಳಿಕೆಯ ಕಲ್ಲು ಫಳಫಳ ಹೊಳೆಯುತ್ತಿತ್ತು. ಮೇಲೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವು. ಖಂಡೆ ಪೂಜೆಯ ದಿನ ಸೂಕ್ಷ್ಮದರ್ಶಕ, ತಕ್ಕಡಿಗಳನ್ನೆಲ್ಲ ಪೂಜಿಸಿದ ಅಟೆಂಡರ್ ಹನುಮಂತಪ್ಪ ಇದನ್ನೂ ಬಿಟ್ಟಿರಲಿಲ್ಲ.

“ತೊಳದೀರೇನು ಇದನ್ನ?” ಎಂದು ಕೇಳಿದೆ.

“ಬ್ರಶ್ ಹಚ್ಚಿ ತಿಕ್ಕೇನ್ರಿ ಅಕ್ಕಾರ. ಭಾಳ ಮಸಿ ಹಿಡದಿತ್ತು.”

ಅಯ್ಯೋ ದೇವರೇ, ಆ ಮಸಿಯೇ ನನ್ನ ಎಲೆ! ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಬೀಜದ ಗಿಡವೊಂದರ ಎಲೆ. ಕಚ್ಛದ ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡು ತಂದದ್ದು. ಇದ್ದಿಲಾದ ಅದರ ಪೊರೆಯನ್ನು ಆಸಿಡ್‌ನಲ್ಲಿ ಬಿಡಿಸಿ, ಜೀವಕೋಶಗಳ ಅಂಚು ಹೇಗಿದೆಯೆಂದು ತೋರಿಸಿದರೆ ಮಾತ್ರ ಅದು ಹೊಸ ಜಾತಿ, ನನಗೆ ಪಿಎಚ್‌ಡಿ. ಸಿಟ್ಟು ನನಗೆ ಸದಾ ಮೂಗಿನ ಮೇಲೆ. ಆದರೆ ಆ ಹೊತ್ತು ಬೈಯುವುದನ್ನೂ ಮರೆತೆ.

ಮಸೂರ ಹಿಡಿದು ಹುಡುಕಿದೆ. ಬಿರುಕಿನಲ್ಲಿ ಎಳ್ಳಿನಷ್ಟು ಕರಿ ಚೂರು ಉಳಿದಿತ್ತು.

“ಅದನ್ನ ಆಸಿಡ್‌ಗೆ ಹಾಕಬ್ಯಾಡವಾ, ಕರಗಿ ಹೋಗ್ತದ,” ಎಂದರು ನನ್ನ ಮಾರ್ಗದರ್ಶಕರಾದ ಯಜ್ಞೇಶ್ವರ ಸರ್. “ನೋಡಲಿಕ್ಕೆ ನನ್ನ ಎಲಿಹಂಗನ ಅದ. ಅದೇ ಜಾತಿ ಅಂತ ಬರದುಬಿಡು.”

ಇಪ್ಪತ್ತು ವರ್ಷದ ಹಿಂದೆ ಬರೀ ಆಕಾರ ನೋಡಿ ಸರ್ ಒಂದು ಗಿಡಕ್ಕೆ ಹೆಸರಿಟ್ಟಿದ್ದರು. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ನಾನು ಕೇಳಲಿಲ್ಲ, ಚೂರನ್ನು ಆಸಿಡ್‌ಗೆ ಹಾಕಿಯೇ ಬಿಟ್ಟೆ.

ಕರಿ ಬಣ್ಣ ಜೇನಿನ ಬಣ್ಣಕ್ಕೆ ತಿರುಗಬೇಕು. ಸ್ವಲ್ಪ ಹೆಚ್ಚಾದರೆ ಎಲ್ಲವೂ ಮಾಯ. ಊಟ ಬಿಟ್ಟು ಬಟ್ಟಲನ್ನೇ ನೋಡುತ್ತ ಕೂತೆ. ಬಾಗಿಲಲ್ಲಿ ನಿಂತ ಹನುಮಂತಪ್ಪ, “ಬಂತೇನ್ರಿ ಅಕ್ಕಾರ?” ಎಂದ.

“ನೀವು ಮೊದಲ ಆ ಬ್ರಶ್ ಒಯ್ದು ಬಾವ್ಯಾಗ ಒಗೀರಿ!”

ಮಧ್ಯಾಹ್ನ ಕಳೆಯುವಷ್ಟರಲ್ಲಿ ತೆಳ್ಳನೆಯ ಪೊರೆ ನೀರಲ್ಲಿ ತೇಲಿತು. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಅಂಚು ಅಂಕುಡೊಂಕು! ಪ್ರಕಟವಾದ ಬೇರೆಲ್ಲ ಎಲೆಗಳೊಂದಿಗೆ ಹೋಲಿಸಿ ನೋಡಿದೆ, ಯಾವುದೂ ಹೀಗಿಲ್ಲ. ಹೋಲಿಸದೆ ಉಳಿದದ್ದು ಸರ್ ಎಲೆಯೊಂದೇ. ಅದನ್ನು ಅವರು ನೆಟ್ಟನೆಯ ಅಂಚಿನ ಕುಲಕ್ಕೆ ಸೇರಿಸಿದ್ದರು. ಪೊರೆಯನ್ನು ಮಾತ್ರ ಯಾರೂ ಬಿಡಿಸಿ ನೋಡಿರಲಿಲ್ಲ.

“ನಿಮ್ಮದನ್ನೂ ನೋಡೋಣ್ರಿ ಸರ್.”

ಸರ್ ಮುಖ ಬಿಳುಚಿತು. “ಅದೂ ಡೊಂಕಿದ್ದರ? ನಿಂದು ಹೊಸಾದಲ್ಲ, ನಂದು ತಪ್ಪು. ಇಬ್ಬರದೂ ಹೋಗ್ತದ.”

“ಹಂಗಾದ್ರ ನೋಡದ ಸುಳ್ಳು ಬರೀಲೇನ್ರಿ?”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಸರ್ ಎದ್ದು ಹೋದರು. ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದವರ ಮುಖಕ್ಕೆ ಹೊಡೆದಂತೆ ಮಾತಾಡಿದೆನಲ್ಲ ಎಂದು ರಾತ್ರಿಯೆಲ್ಲ ನನ್ನನ್ನೇ ಬೈದುಕೊಂಡೆ.

ಮರುದಿನ ಸರ್ ನನಗಿಂತ ಮೊದಲೇ ಬಂದಿದ್ದರು. ಮುಂದೆ ಅವರ ಕಲ್ಲು. ಸೂಜಿ ಹಿಡಿದು ತಾವೇ ಚೂರು ಕೆರೆದು ತೆಗೆದರು. ನಾನು ಅದನ್ನು ಆಸಿಡ್‌ಗೆ ಹಾಕಿದೆ. ಕೊನೆಗೆ ಪೊರೆ ತೇಲಿದಾಗ ಸರ್ ಕಿಟಕಿಯ ಕಡೆ ತಿರುಗಿ ನಿಂತರು.

“ನೀನ ನೋಡವಾ. ನನ್ನಿಂದ ಆಗೂದಿಲ್ಲ.”

ಕಣ್ಣಿಟ್ಟೆ. ಮೊದಲು ಎಲ್ಲ ಮಸುಕು. ತಿರುಪು ತಿರುಗಿಸಿದೆ. ಗೆರೆಗಳು ಒಂದೊಂದಾಗಿ ಸ್ಪಷ್ಟವಾದವು.

“ನೆಟ್ಟಗ ಅದಾವ್ರಿ ಸರ್! ನಿಮ್ಮದು ಖರೇನ ಅದ, ನಂದು ಹೊಸಾದು! ಇಬ್ಬರದೂ ಉಳೀತು!”

ನಾನು ಸಣ್ಣ ಹುಡುಗಿಯ ಹಾಗೆ ಕುಣಿದೆ. ಸರ್ ಕುಣಿಯಲಿಲ್ಲ, ನಗಲೂ ಇಲ್ಲ. ಬಂದು ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಇದು ಡೊಂಕಿದ್ದೀತು ಅಂತ ಹೆದರಿ ಇಪ್ಪತ್ತು ವರ್ಷ ಮತ್ತೊಂದು ಗಿಡಕ್ಕ ಹೆಸರ ಇಡಲಿಲ್ಲ ನಾನು, ಮೃಣಾಲಿನಿ. ಎಷ್ಟು ಕಲ್ಲು ತಂದು ಹಂಗ ಇಟ್ಟೇನಿ, ಗೊತ್ತದ ಏನು?”