ಬಾಗಿಲ ಮೇಲಿನ ಮೂರು

"ಜಾಗ ಸಾಲ್ಲಿಲ್ಲ ಮಗಳೇ," ಎಂದು ಅಪ್ಪ ಏಣಿಯ ಮೇಲಿಂದ ಹೇಳಿದಾಗ ಅವಳು ಕಪಾಟಿನಲ್ಲಿ ಕೋನಮಾಪಕಗಳನ್ನು ಜೋಡಿಸುತ್ತಿದ್ದಳು.

ತಿರುಗಿ ನೋಡಿದಳು. ಅವಳು ಪಾಠ ಹೇಳುವ ಶಾಲೆಯ ಗಣಿತದ ಕೋಣೆಯ ಗೋಡೆಯ ಮೇಲೆ, ಮೊಳದುದ್ದದ ನೀಲಿ ಅಂಕಿಗಳಲ್ಲಿ, 7393913 ಎಂದು ಬರೆದಾಗಿತ್ತು. ಅವಳು ಬರೆಯಲು ಕೊಟ್ಟದ್ದು 73939133. ಕೊನೆಯ ಮೂರಕ್ಕೆ ಮೊದಲೇ ಗೋಡೆ ಮುಗಿದು ಬಾಗಿಲ ಚೌಕಟ್ಟು ಬಂದುಬಿಟ್ಟಿತ್ತು.

ಅಪ್ಪ ಅಂಗಡಿಗಳ ಬೋರ್ಡು ಬರೆಯುವುದರಲ್ಲೇ ಕೂದಲು ಹಣ್ಣಾದ ಮನುಷ್ಯ. ದಾರ ಹಿಡಿದು ಗೆರೆ ಎಳೆದು, ಸೀಮೆಸುಣ್ಣದಲ್ಲಿ ಪೂರ್ತಿ ಬರೆದು ನೋಡಿದ ಮೇಲೇ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವನು. ಈಗ ಕೈ ನಡುಗುತ್ತದೆ. ಎರಡೆರಡು ಸಲ ಬರೆಯುವಷ್ಟು ಹೊತ್ತು ಅದು ಮಾತು ಕೇಳುವುದಿಲ್ಲ. ಅದಕ್ಕೇ ಗುರುತು ಹಾಕದೆ ನೇರವಾಗಿ ಬ್ರಶ್ಶಿಗೇ ಇಳಿದಿದ್ದ.

ಈ ಕೈ ಇಟ್ಟುಕೊಂಡು ಇನ್ನು ಏಣಿ ಹತ್ತುವುದು ಬೇಡವೇ ಬೇಡ ಎಂದು ಅಮ್ಮ ಪಟ್ಟು ಹಿಡಿದಿದ್ದಳು. "ಟೀಚರಮ್ಮನ ಗೋಡೆ ಒಂದು ಬರೀತೀನಿ. ಕೆಟ್ರೆ ನಾನೇ ಬ್ರಶ್ ಕೆಳಗಿಡ್ತೀನಿ," ಎಂದು ಅಪ್ಪನೂ ಮಾತು ಕೊಟ್ಟಿದ್ದ.

ಈಗ ಏಣಿ ಇಳಿದು ಬಂದು ಬ್ರಶ್ಶನ್ನು ಮಗಳ ಮುಂದೆ ಚಾಚಿದ. "ತಗೋ. ನಿಮ್ಮಮ್ಮ ಗೆದ್ಲು."

ಅವಳು ಕೈಯಲ್ಲಿದ್ದ ಕೋನಮಾಪಕವನ್ನು ಕಪಾಟಿನಲ್ಲಿಟ್ಟಳು. ಬ್ರಶ್ ಮುಟ್ಟಲಿಲ್ಲ.

"ಏನೂ ಕೆಟ್ಟಿಲ್ಲಪ್ಪ. ಇದು ಅವಿಭಾಜ್ಯ ಸಂಖ್ಯೆ. ಒಂದು ಬಿಟ್ಟು, ಇದನ್ನೇ ಬಿಟ್ಟು, ಬೇರೆ ಯಾವುದ್ರಿಂದ ಭಾಗಿಸಿದ್ರೂ ಏನಾದ್ರೂ ಉಳಿದೇ ಉಳಿಯುತ್ತೆ. ಕೊನೇ ಮೂರು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

"ಕಣ್ಣೊರೆಸೋ ಮಾತೆಲ್ಲ ಬೇಡ."

ಅವಳು ಹಸಿ ಬಣ್ಣಕ್ಕೆ ತಾಗದ ಹಾಗೆ ಒಂದು ರಟ್ಟನ್ನು ಬಲಗಡೆಯಿಂದ ಅಡ್ಡ ಹಿಡಿದಳು. 739391 ಉಳಿಯಿತು. "ಇದೂ ಅವಿಭಾಜ್ಯ." ಇನ್ನೊಂದು ಅಂಕಿ ಮುಚ್ಚಿದಳು. "ಇದೂ." ಹಾಗೇ ಎಡಕ್ಕೆ ಸರಿಯುತ್ತ ಬಂದು, ಬರೀ ಏಳು ಕಾಣುವಾಗ ನಿಂತಳು. "ಬಾಲ ಎಷ್ಟು ಕತ್ತರಿಸಿದ್ರೂ ಜಗ್ಗಲ್ಲ. ಈ ಥರದ ಸಂಖ್ಯೆಗಳಲ್ಲಿ ನಾನು ಕೊಟ್ಟ ಎಂಟಂಕಿಯದ್ದೇ ಎಲ್ಲಕ್ಕಿಂತ ದೊಡ್ಡದು."

ಅಪ್ಪ ಸುಮ್ಮನೆ ನಂಬುವ ಕುಳವಲ್ಲ. ಕರಿಹಲಗೆಯ ಹತ್ತಿರ ಹೋಗಿ, ಗೋಡೆಯ ಮೇಲಿದ್ದದ್ದನ್ನು ಏಳರಿಂದ ಭಾಗಿಸಿದ. ಎರಡು ಉಳಿಯಿತು. ಹನ್ನೊಂದರಿಂದ ಭಾಗಿಸಿದ. ಹತ್ತು ಉಳಿಯಿತು. "ಎಲಾ ಇದರ!" ಎಂದು ನಕ್ಕವನು ತಟ್ಟನೆ ಮಗಳ ಕಡೆ ತಿರುಗಿದ.

"ಅಂದ್ರೆ, ನಾನು ಎಡವ್ತೀನಿ ಅಂತ ಮೊದ್ಲೇ ಗೊತ್ತಿದ್ದು ಇದನ್ನ ಆರಿಸಿದ್ಯಾ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನೀನು ಎಲ್ಲಿ ನಿಲ್ಲಿಸಿದ್ರೂ ಸರಿಯಾಗಿರೋದು ಬೇಕಿತ್ತಪ್ಪ."

ಅಪ್ಪನಿಗೆ ನೋವಾಯಿತೆಂದು ಗೊತ್ತಾಯಿತು. ಅವನು ಗೋಡೆಯನ್ನು, ಬಾಗಿಲನ್ನು ನೋಡುತ್ತ ನಿಂತ. "ಹೋಗಿ ಒಂದು ಲೋಟ ಟೀ ತಾ," ಎಂದಷ್ಟೇ ಹೇಳಿದ.

ಟೀ ಹಿಡಿದು ಬಂದರೆ ಬಾಗಿಲು ಮುಚ್ಚಿತ್ತು. ಮೊಣಕೈಯಿಂದ ತಳ್ಳಿದಳು.

"ಮೆಲ್ಲಗೆ ಕಣೇ! ಹಸಿಯಿದೆ!"

ಒಳಗೆ ಬಂದು ಕಾಲಿನಿಂದ ಬಾಗಿಲು ಮುಚ್ಚಿ ತಿರುಗಿದಳು. ಕೊನೆಯ ಮೂರು ಬಾಗಿಲ ಹಲಗೆಯ ಮೇಲೆ ಕೂತಿತ್ತು. ಅಂಕಿಯ ಹೊಟ್ಟೆಯ ಹತ್ತಿರ ಗೆರೆ ಸ್ವಲ್ಪ ನಡುಗಿತ್ತು. ಎತ್ತರ, ಸಾಲು ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಬಾಗಿಲು ಮುಚ್ಚಿದ್ರೆ?" ಅಪ್ಪ ಕೇಳಿದ.

"ಎಂಟಂಕಿ. ಸರಿ."

"ತೆಗೆದ್ರೆ?"

"ಏಳಂಕಿ. ಅದೂ ಸರಿ." ಅವಳು ಟೀ ಲೋಟವನ್ನು ಅವನ ಮುಂದಿಟ್ಟಳು.

"ಕಳ್ಳಿ," ಎಂದ ಅಪ್ಪ. "ನಿಮ್ಮಮ್ಮನಿಗೆ ನೀನೇ ಹೇಳು, ಕೆಟ್ಟಿಲ್ಲ ಅಂತ."

ಟೀ ಆರಲು ಬಿಟ್ಟು ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದ. ಬಟ್ಟೆಯಲ್ಲಿ ಒರೆಸಿ, ಮಾರನೆಯ ದಿನ ಕೆಲಸವಿರುವಾಗ ಮಾಡುತ್ತಿದ್ದ ಹಾಗೆಯೇ, ಅದರ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ತುದಿ ಚೂಪು ಮಾಡಿದ.