ಒಳಗೇ ಉಳಿದ ಅತ್ತಿಗೆಯ ದನಿ

ನಿಮ್ಮ ಮನೆಯ ಕಂಪ್ಯೂಟರೂ ಹೀಗೆ ಕಾಡುತ್ತಿರಬಹುದು. ಏನೋ ಕೆಲಸದಲ್ಲಿರುವಾಗ ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದು ನಿಲ್ಲುತ್ತದೆ. ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳಿ ಎನ್ನುತ್ತದೆ. ನೀವು 'ಆಮೇಲೆ' ಒತ್ತುತ್ತೀರಿ. ನಾಳೆ ಮತ್ತೆ ಹಾಜರು. ಹತ್ತು ಸಲ 'ಆಮೇಲೆ' ಅಂದವರು ಹನ್ನೊಂದನೆಯ ಸಲ ರೋಸಿಹೋಗಿ 'ಸರಿ' ಒತ್ತಿಬಿಡುತ್ತೀರಿ. ನಮ್ಮ ಎದುರಂಗಡಿಯ ಗಡಿಯಾರದಣ್ಣನೂ ಹಾಗೆಯೇ ಒತ್ತಿದರು.

ನಾನು ಕಂಪ್ಯೂಟರ್ ರಿಪೇರಿ ಮಾಡುವವಳು. ಬೀದಿಯವರು ಕಂಪ್ಯೂಟರಕ್ಕ ಅನ್ನುತ್ತಾರೆ. ನನ್ನ ಬಾಯಿ ಸ್ವಲ್ಪ ಜೋರು. ಈ ಕಥೆ ಹೇಳುವಾಗ ಅದು ಇನ್ನೂ ಜೋರಾಗುತ್ತದೆ, ಅರ್ಧ ಅಣ್ಣನ ಮೇಲಿನ ಸಿಟ್ಟಿಗೆ, ಅರ್ಧ ನನ್ನ ಮೇಲಿನ ಸಿಟ್ಟಿಗೆ. ಹೊಟ್ಟೆಗೆ ಹಾಕಿಕೊಂಡು ಕೇಳಿ.

ಅಣ್ಣನದು ಹಳೆಯ ಗಡಿಯಾರಗಳನ್ನು ರಿಪೇರಿ ಮಾಡುವ ಅಂಗಡಿ. ಗೋಡೆಯ ತುಂಬ ಚಾವಿ ಕೊಡುವ ಗಡಿಯಾರಗಳು. ಅವರದೊಂದು ಪದ್ಧತಿಯಿತ್ತು. ಯಾವ ಗಡಿಯಾರವೇ ಬರಲಿ, ಅದರ ಚಾವಿಯನ್ನು ಅದರ ಹೊಟ್ಟೆಯೊಳಗೇ, ಲೋಲಕದ ಹಿಂದೆ ಒಂದು ಸಣ್ಣ ಮೊಳೆಗೆ ಸಿಕ್ಕಿಸಿಡುತ್ತಿದ್ದರು. ನಲವತ್ತು ವರ್ಷದಲ್ಲಿ ಒಂದು ಚಾವಿ ಕಳೆದಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅದು ನಿಜವೂ ಆಗಿತ್ತು.

ಗಿರಾಕಿಗಳ ಜೊತೆ ಮಾತಾಡುವುದು ಅಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆಯ ಕೆಲಸ. ಏನು ಮಾತು, ಏನು ನಗು! ಆ ಅಂಗಡಿಯಲ್ಲಿ ಗಂಟೆ ಹೊಡೆಯುವುದು ಗಡಿಯಾರವಲ್ಲ, ಅತ್ತಿಗೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ನನ್ನ ಅಂಗಡಿಯ ಬಾಗಿಲು ಮುಚ್ಚಿದ್ದರೂ ಅವರ ದನಿ ಒಳಗೆ ಕೇಳುತ್ತಿತ್ತು.

ಅಂಥವರ ಗಂಟಲಲ್ಲಿ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು ವೈದ್ಯರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಒಬ್ಬ ಹೆಂಗಸಿದ್ದರು. ಅವರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟು. ಆಪರೇಷನ್ನಿಗೆ ಮೊದಲೇ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಾತಾಡುವ ಯಂತ್ರವೊಂದಿದೆ, ಬೆರಳಲ್ಲಿ ಒತ್ತಿದ್ದನ್ನು ಅದು ನಿಮ್ಮದೇ ದನಿಯಲ್ಲಿ ಹೇಳುತ್ತದೆ. ನಿಮ್ಮ ಸರದಿ ಬರಲು ಒಂದು ವರ್ಷವಾದರೂ ಬೇಕು, ಅಲ್ಲಿಯವರೆಗೆ ದನಿಯನ್ನು ನೀವೇ ಜೋಪಾನ ಮಾಡಬೇಕು. ಈಗಿನ ಕಾಲದಲ್ಲಿ ದನಿ ಕದ್ದು ಮೋಸ ಮಾಡುವವರಿದ್ದಾರೆ, ಬೀಗ ಹಾಕಿಡಿ. ಎರಡು ಪ್ರತಿ ಮಾಡಿ ಎರಡು ಕಡೆ ಇಡಿ.

ಹನ್ನೊಂದು ದಿನ, ಮಧ್ಯಾಹ್ನದ ಹೊತ್ತು ರೆಕಾರ್ಡಿಂಗ್ ನಡೆಯಿತು. ಟಿಕ್ ಟಿಕ್ ಸದ್ದು ದನಿಯೊಳಗೆ ಸೇರಬಾರದೆಂದು ಅಣ್ಣ ಗೋಡೆಯ ಗಡಿಯಾರಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದರು. ಆಸ್ಪತ್ರೆಯವರು ಕೊಟ್ಟ ವಾಕ್ಯಗಳನ್ನು ಅತ್ತಿಗೆ ಓದಿದರು, ಮಗಳನ್ನು ಹೆಸರು ಹಿಡಿದು ಕರೆದರು, ನಕ್ಕರು, ಅಣ್ಣನನ್ನು ಮನಸಾರೆ ಬೈದರು. ಮುಗಿದ ಮೇಲೆ ಅಣ್ಣ ಏಣಿ ಹತ್ತಿ ಅಷ್ಟೂ ಗಡಿಯಾರಗಳಿಗೆ ಮತ್ತೆ ಸಮಯ ಹೊಂದಿಸುತ್ತಿದ್ದರು. ಅದನ್ನೆಲ್ಲ ನಾನು ಬೀದಿಯ ಈಚೆಯಿಂದ ನೋಡಿದ್ದೇನೆ.

ದನಿಯನ್ನೆಲ್ಲ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆಗೆ ತುಂಬಿದರು, ಕಳ್ಳರಿಗೆ ಹೆದರಿ ಬೇರೆಲ್ಲೂ ಉಳಿಸಲಿಲ್ಲ. ಸಾದಾ ಡಿಸ್ಕ್ ಅಲ್ಲ, ಒಳಗೆ ಬೀಗದ ಚಿಪ್ ಇರುವಂಥದ್ದು. ಕಂಪ್ಯೂಟರಿಗೆ ಅದನ್ನು ಜೋಡಿಸಿಕೊಟ್ಟವಳು ನಾನೇ. ಗುರುತಿನ ಕಂಪ್ಯೂಟರಾದರೆ ಪಾಸ್‌ವರ್ಡ್ ಸಾಕು, ಹೊಸ ಕಂಪ್ಯೂಟರಾದರೆ ಕಾಗದದಲ್ಲಿ ಬರುವ ಇಪ್ಪತ್ತನಾಲ್ಕು ಅಂಕಿಯ ರಿಕವರಿ ನಂಬರೂ ಬೇಕು, ಅದನ್ನು ಜೋಪಾನವಾಗಿಡಿ ಎಂದು ಹೇಳಿದ್ದೆ. ಎಲ್ಲಿಡುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಆಪರೇಷನ್ ಆಯಿತು. ಅತ್ತಿಗೆ ಬದುಕಿದರು, ಸ್ಲೇಟು ಹಿಡಿದರು. ಒಂದು ದಿನ ಅಣ್ಣ ಪೆಟ್ಟಿಗೆ ತೆರೆದು ಅವರ ನಗುವಿನ ರೆಕಾರ್ಡಿಂಗ್ ಹಾಕಿದಾಗ ಅತ್ತಿಗೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಆಮೇಲೆ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ.

ಅಷ್ಟರಲ್ಲಿ ಆ ಚೌಕ ಶುರುವಾಯಿತು. ಗಡಿಯಾರದ ಬಿಡಿಭಾಗ ತರಿಸುವ ವೆಬ್ ಪುಟ ಹಳೆಯ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ. ಹೊಸ ಆವೃತ್ತಿ ಹಾಕಿಕೊಳ್ಳಲಾ ಎಂದು ಅಣ್ಣ ಕೇಳಲು ಬಂದಾಗ ನಾನು ಯಾರದೋ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ತಲೆಯೆತ್ತದೆ ಹೇಳಿದೆ, "ಹಾಕ್ಕೊಳ್ಳಿ ಅಣ್ಣ, ಆದ್ರೆ ಮೊದಲು ಪೆಟ್ಟಿಗೇಲಿರೋದನ್ನ ಇನ್ನೊಂದು ಕಡೆ ಪ್ರತಿ ಮಾಡಿ. ಹೊಸದರಲ್ಲಿ ಅದರ ಡ್ರೈವರ್ ನಡೆಯುತ್ತೋ ಇಲ್ವೋ ನೋಡ್ಬೇಕು."

"ಡ್ರೈವರ್ರು ಯಾಕಮ್ಮ ಪೆಟ್ಟಿಗೆಗೆ, ಅದೇನು ಬಸ್ಸಾ?" ಎಂದು ಅಣ್ಣ ನಕ್ಕರು. ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ಹತ್ತು ವರ್ಷದ ಗ್ಯಾರಂಟಿಯಿದೆ, ಕಂಪ್ಯೂಟರಿನೊಳಗೆ ಏನು ಬದಲಾದರೆ ಪೆಟ್ಟಿಗೆಗೇನು ಎಂಬುದು ಅವರ ವಾದ. ಇನ್ನೊಂದು ಪ್ರತಿ ಮಾಡಿದರೆ ಕದಿಯುವವರಿಗೆ ಇನ್ನೊಂದು ಬಾಗಿಲು ತೆರೆದ ಹಾಗೆ ಎಂದೂ ಹೇಳಿದರು. ನಾನು ಎದ್ದು ಹೋಗಿ ನೋಡಬಹುದಿತ್ತು. ಹತ್ತು ಹೆಜ್ಜೆ ದಾಟಿದರೆ ಅವರ ಅಂಗಡಿ. ಹೋಗಲಿಲ್ಲ.

ಅಣ್ಣ ಹೋಗಿ 'ಸರಿ' ಒತ್ತಿದ ನಾಲ್ಕು ತಿಂಗಳ ಮೇಲೆ ಆಸ್ಪತ್ರೆಯಿಂದ ಕರೆ ಬಂತು. ನಿಮ್ಮ ಸರದಿ ಬಂದಿದೆ, ಬರುವ ಸೋಮವಾರ ದನಿ ತನ್ನಿ ಎಂದರು. ಅತ್ತಿಗೆ ಆ ದಿನ ಸ್ಲೇಟಿನಲ್ಲಿ ನನಗೊಂದು ಸಾಲು ಬರೆದು ತೋರಿಸಿದರು. 'ಮೊದಲು ನಿನ್ನನ್ನೇ ಬೈತೀನಿ, ತಯಾರಾಗಿರು.' ಅವರು ಹಾಗೆ ತಮಾಷೆ ಮಾಡಿ ಎಷ್ಟು ದಿನವಾಗಿತ್ತೋ.

ಮಧ್ಯಾಹ್ನ ಅಣ್ಣ ಪೆಟ್ಟಿಗೆ ಹಿಡಿದು ಬಂದರು. ಪೆಟ್ಟಿಗೆ ಸಿಕ್ಕಿಸಿದರೆ ಕೆಂಪು ದೀಪ ಮಿನುಗುತ್ತದೆ, ಕಂಪ್ಯೂಟರ್ ಮಾತ್ರ ಏನೂ ಸಿಕ್ಕಿಸಿಯೇ ಇಲ್ಲ ಎಂಬಂತೆ ಕೂತಿದೆ. ಏನಾಗಿದೆಯೆಂದು ನನಗೆ ಕೂಡಲೇ ಗೊತ್ತಾಯಿತು.

ಕೂರಿಸಿ ಬಿಡಿಸಿ ಹೇಳಿದೆ. ಮೊದಲೇ ಹೀಗೆ ಹೇಳಬೇಕಿತ್ತು. "ಅಣ್ಣ, ಕಂಪ್ಯೂಟರ್ ನಡೆಸೋದು ಆಪರೇಟಿಂಗ್ ಸಿಸ್ಟಂ. ಅದಕ್ಕೆ ನಿಮ್ಮ ಪೆಟ್ಟಿಗೆ ಭಾಷೆ ಬರಲ್ಲ. ಇಬ್ಬರ ನಡುವೆ ದುಭಾಷಿ ಥರ ಒಂದು ಸಣ್ಣ ಪ್ರೋಗ್ರಾಂ ಇರುತ್ತೆ, ಅದೇ ಡ್ರೈವರ್. ಹೊಸ ಸಿಸ್ಟಂ ಬಂದಾಗ ಪೆಟ್ಟಿಗೆ ಮಾಡಿದ ಕಂಪನಿ ಹೊಸ ಡ್ರೈವರ್ ಕೊಡಬೇಕು. ಕೊಡದಿದ್ರೆ ಹಳೇದನ್ನ ಸಿಸ್ಟಂ ಒಳಗೇ ಬಿಟ್ಕೊಳ್ಳಲ್ಲ. ಪೆಟ್ಟಿಗೆ ಚೆನ್ನಾಗೇ ಇದೆ, ದನಿನೂ ಒಳಗೇ ಇದೆ. ಕೇಳೋರೇ ಇಲ್ಲ."

ಕಂಪನಿಯ ಪುಟ ಹುಡುಕಿದೆ. ಕಂಪನಿ ಬಾಗಿಲು ಹಾಕಿ ಆರು ತಿಂಗಳಾಗಿತ್ತು. ಹಳೆಯ ಸಿಸ್ಟಂಗೆ ವಾಪಸ್ಸಾಗಲು ಇದ್ದ ಹತ್ತು ದಿನದ ಗಡುವೂ ಯಾವಾಗಲೋ ಮುಗಿದಿತ್ತು. ಹಳೆಯ ಸಿಸ್ಟಂ ಜೊತೆಗೇ, ಇದು ಪೆಟ್ಟಿಗೆಗೆ ಗೊತ್ತಿರುವ ಕಂಪ್ಯೂಟರ್ ಎಂಬ ಗುರುತೂ ಅಳಿಸಿಹೋಗಿತ್ತು. ಆದರೂ ನಾನು ಕೈ ಚೆಲ್ಲಲಿಲ್ಲ. ಅಟ್ಟದಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿದೆ, ಹಳೆಯ ಸಿಸ್ಟಂ ಹಾಕಿದೆ, ಪೆಟ್ಟಿಗೆಯ ಹಳೆಯ ಡ್ರೈವರನ್ನು ನನ್ನ ಕಡತಗಳಲ್ಲಿ ಹುಡುಕಿ ತೆಗೆದೆ. ಮೂರು ದಿನ ಹಿಡಿಯಿತು. ಶನಿವಾರ ಬೆಳಿಗ್ಗೆ ಕೆಂಪು ದೀಪ ಹಸಿರಾಯಿತು. ಅಣ್ಣ, ಅತ್ತಿಗೆ, ಮಗಳು ಮೂವರೂ ನನ್ನ ಮೇಜಿನ ಸುತ್ತ ನಿಂತಿದ್ದರು. ಅತ್ತಿಗೆ ನನ್ನ ಭುಜ ಹಿಸುಕಿದರು.

ಪೆಟ್ಟಿಗೆ ಪಾಸ್‌ವರ್ಡ್ ಕೇಳಿತು, ಅಣ್ಣ ಒತ್ತಿದರು, ಸರಿಯಾಯಿತು. ಇದು ಹೊಸ ಕಂಪ್ಯೂಟರ್, ರಿಕವರಿ ನಂಬರ್ ಕೊಡಿ ಎಂದು ಕೇಳಿತು. ಹತ್ತು ಸಲ ತಪ್ಪಾದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಕೆಳಗೆ ಬರೆದಿತ್ತು. ಆ ಕಾಗದ ಕೊಡಿ ಅಣ್ಣ ಎಂದು ಕೈ ಚಾಚಿದೆ.

"ಕಾಗದ ಇಲ್ಲಮ್ಮ. ಕಳ್ಳರ ಕೈಗೆ ಸಿಗಬಾರದು ಅಂತ ಸ್ಕ್ಯಾನ್ ಮಾಡಿ ಹರಿದುಹಾಕಿದೆ, ಕಂಪ್ಯೂಟರಿಂದಲೂ ಅಳಿಸಿದೆ. ನಂಬರು ಭದ್ರವಾಗಿದೆ. ಪೆಟ್ಟಿಗೆ ಒಳಗೇ ಇಟ್ಟಿದೀನಿ."

ಎದುರಂಗಡಿಯ ಗಡಿಯಾರಗಳು ಹನ್ನೊಂದು ಹೊಡೆದವು. ಹೊಡೆದು ಮುಗಿಯುವಷ್ಟರಲ್ಲಿ ಅಣ್ಣನಿಗೆ ಅರ್ಥವಾಗಿತ್ತು. ನಲವತ್ತು ವರ್ಷದ ಪದ್ಧತಿ. ಗಡಿಯಾರದ ಬಾಗಿಲಿಗೆ ಬೀಗವಿರುವುದಿಲ್ಲ, ಚಾವಿ ಒಳಗಿದ್ದರೂ ಕೈ ಹಾಕಿ ತೆಗೆಯಬಹುದು. ಈ ಪೆಟ್ಟಿಗೆಗೆ ಇದ್ದದ್ದು ಬೀಗವೊಂದೇ.

ಅವರು ಕೂತು ನೆನಪು ಮಾಡಿಕೊಂಡು ಅಂಕಿಗಳನ್ನು ಬರೆದರು. ಮೊದಲ ಎಂಟು ಖಚಿತ ಎಂದರು, ಆಮೇಲೆ ಅದೂ ಖಚಿತವಿಲ್ಲ ಎಂದರು. ತಪ್ಪು ಎಂದಿತು ಪೆಟ್ಟಿಗೆ. ಹೊಡೆದುಹಾಕಿ ಮತ್ತೆ ಬರೆದರು. ತಪ್ಪು. ಬೇಡ ಅಣ್ಣ ಎಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂಬತ್ತನೆಯದೂ ತಪ್ಪಾದಾಗ ಅತ್ತಿಗೆ ಕೀಬೋರ್ಡಿನ ಮೇಲೆ ಅಂಗೈ ಇಟ್ಟುಬಿಟ್ಟರು. ಇನ್ನೊಂದು ಕೈಯಲ್ಲಿ ಸ್ಲೇಟಿನ ಮೇಲೆ ಬರೆದರು, 'ಸಾಕು.'

ಅಣ್ಣ ತಲೆ ಮೇಲೆ ಕೈ ಹೊತ್ತು ಕೂತರು. "ನಾನೇ ಅವಳ ಬಾಯಿ ಮುಚ್ಚಿಸಿಬಿಟ್ಟೆ," ಎಂದರು.

ಡಿಸ್ಕುಗಳಿಂದ ಕಳೆದದ್ದನ್ನು ತೆಗೆದುಕೊಡುವ ಎರಡು ಕಡೆ ಕೇಳಿದೆ. ಬೀಗ ತನ್ನ ಕೆಲಸ ತಾನು ಮಾಡುತ್ತಿದೆ, ನಮ್ಮಿಂದಾಗದು ಎಂದರು. ಮಗಳ ಫೋನಿನಲ್ಲಿ ಅಮ್ಮನ ಹಳೆಯ ಸಂದೇಶವೊಂದಿತ್ತು. 'ಎಷ್ಟು ಸಲ ಫೋನ್ ಮಾಡ್ಲೇ ನಿನಗೆ, ಒಂದು ವಿಷಯ ಹೇಳೋದಿದೆ.' ಒಂಬತ್ತು ಸೆಕೆಂಡು. ಅಷ್ಟರಿಂದ ಆ ಯಂತ್ರಕ್ಕೆ ದನಿ ಕೊಡಲಾಗದು ಎಂದರು ಆಸ್ಪತ್ರೆಯವರು. ಹೇಳಬೇಕಾಗಿದ್ದ ವಿಷಯ ಯಾವುದೆಂದು ಅತ್ತಿಗೆಗೂ ನೆನಪಿಲ್ಲ.

ಯಂತ್ರ ಬಂತು, ಯಾರದೋ ದನಿಯಲ್ಲಿ. ಅತ್ತಿಗೆ 'ಊಟಕ್ಕೆ ಬನ್ನಿ' ಎಂದು ಒತ್ತಿದರೆ ಅಣ್ಣ ಯಾರು ಬಂದರೆಂದು ಬಾಗಿಲ ಕಡೆ ತಿರುಗುತ್ತಿದ್ದರು. ಎರಡು ದಿನ ನೋಡಿ ಅತ್ತಿಗೆ ಅದನ್ನು ಆರಿಸಿ ಕಪಾಟಿನಲ್ಲಿಟ್ಟರು. ಈಗ ಸ್ಲೇಟೇ ಗತಿ. ಆ ಅಂಗಡಿಯಿಂದ ಗಡಿಯಾರದ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ.

ಅಣ್ಣ ಈಗ ಚಾವಿಗಳನ್ನು ಗಡಿಯಾರದೊಳಗೆ ಇಡುವುದಿಲ್ಲ. ದಾರ ಕಟ್ಟಿ ಗಿರಾಕಿಯ ಕೈಗೇ ಕೊಡುತ್ತಾರೆ. ಬೇರೆ ಕಡೆ ಇಡಿ ಎನ್ನುತ್ತಾರೆ, ಇಟ್ಟ ಜಾಗ ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ ಎನ್ನುತ್ತಾರೆ. ಬುದ್ಧಿ ಬಂತು, ಬಂದು ಏನು ಪ್ರಯೋಜನ? ಈ ಕಥೆಯನ್ನು ನಾಲ್ಕು ಜನರಿಗೆ ಓದಿ ಹೇಳು ಎಂದು ನನಗೆ ಸ್ಲೇಟಿನಲ್ಲಿ ಬರೆದುಕೊಟ್ಟವರು ಅತ್ತಿಗೆಯೇ.

ಅದಕ್ಕೇ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ. ಹೊಸ ಆವೃತ್ತಿ ಹಾಕಿಕೊಳ್ಳಬೇಡಿ ಎನ್ನುತ್ತಿಲ್ಲ, ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಬೇರೆ ಅಪಾಯಗಳಿವೆ. ಆದರೆ 'ಸರಿ' ಒತ್ತುವ ಮೊದಲು ನಿಮ್ಮ ಬೀಗದ ಪೆಟ್ಟಿಗೆಯನ್ನು ಒಮ್ಮೆ ತೆರೆಯಿರಿ. ಒಳಗಿರುವುದನ್ನು ಇನ್ನೊಂದು ಭದ್ರವಾದ ಕಡೆ ಪ್ರತಿ ಮಾಡಿ. ಹೊಸ ಸಿಸ್ಟಂಗೆ ಅದರ ಡ್ರೈವರ್ ಇದೆಯೇ ಎಂದು ಮಾಡಿದವರನ್ನು ಕೇಳಿ. ಉತ್ತರ ಕೊಡುವವರೇ ಇಲ್ಲವೆಂದರೆ ಆ ಪೆಟ್ಟಿಗೆಯನ್ನು ನಂಬಿ ಕೂರಬೇಡಿ. ರಿಕವರಿ ನಂಬರನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯಿಂದ ದೂರ, ನಂಬುವವರ ಕೈಯಲ್ಲಿಡಿ. ಗೊತ್ತಾಗದಿದ್ದರೆ ನನ್ನಂಥವಳೊಬ್ಬಳು ನಿಮ್ಮ ಬೀದಿಯಲ್ಲೂ ಇರುತ್ತಾಳೆ. ಅವಳು ತಲೆಯೆತ್ತದಿದ್ದರೆ ಕೈ ಹಿಡಿದು ಎಬ್ಬಿಸಿಕೊಂಡು ಹೋಗಿ.

ಅಣ್ಣನ ಕಪ್ಪು ಪೆಟ್ಟಿಗೆ ಇನ್ನೂ ಗಡಿಯಾರಗಳ ನಡುವಿನ ಹಲಗೆಯ ಮೇಲಿದೆ. ಒಂದು ಪ್ರಯತ್ನ ಉಳಿದಿದೆ. ಅದನ್ನು ಅವರು ಮಾಡುವುದಿಲ್ಲ, ದಿನಾ ಬೆಳಿಗ್ಗೆ ಧೂಳು ಒರೆಸಿಡುತ್ತಾರೆ. ನಿಮ್ಮ ಪೆಟ್ಟಿಗೆ ಇವತ್ತು ತೆರೆಯುತ್ತದೆ. ಹೋಗಿ ತೆರೆಯಿರಿ.